ಬಾಗಿಲಿಗೆ ತೇಪೆ ವೆಲ್ಡ್ ಮಾಡಿದ ಮೇಲೆ ತಗಡು ಸೊಟ್ಟಗಾಗಿದೆ, ಬಿಸಿಯಿಂದ ಕಾಪಾಡುವುದು ಹೇಗೆ?

ಕುಂದಾಪುರದ ಪದ್ಮಿನಿ

ಎಲ್ಲರಿಗೂ ನಮಸ್ಕಾರ. ಅಪ್ಪ ಓಡಿಸುತ್ತಿದ್ದ 1988ರ ಪ್ರೀಮಿಯರ್ ಪದ್ಮಿನಿ ನಮ್ಮ ಮನೆಯಲ್ಲಿದೆ. ಮನೆಯಿಂದ ಸಮುದ್ರಕ್ಕೆ ಹೆಚ್ಚು ದೂರ ಇಲ್ಲ. ವರ್ಷವಿಡೀ ಉಪ್ಪು ಗಾಳಿ, ಅದರ ಮೇಲೆ ನಾಲ್ಕು ತಿಂಗಳು ಮಳೆ. ನಾಲ್ಕೂ ಬಾಗಿಲುಗಳ ಕೆಳಭಾಗ ತುಕ್ಕು ತಿಂದು ಜರಡಿ ಆಗಿದೆ. ಕೆಲಸ ಕಲಿತು ನಾನೇ ಸರಿಮಾಡಬೇಕು ಎಂದು ಹಠ ಹಿಡಿದು, ಒಂದು ಇನ್ವರ್ಟರ್ ಮಿಗ್ ಮಷಿನ್ (ತಂತಿ ತಾನಾಗಿ ಮುಂದೆ ಬರುವ ವೆಲ್ಡಿಂಗ್ ಮಷಿನ್) ತಗೊಂಡೆ. ಗ್ಯಾಸ್ ಇಲ್ಲ, ಒಳಗೇ ಫ್ಲಕ್ಸ್ ಪುಡಿ ತುಂಬಿದ 0.8 ಮಿ.ಮೀ. ತಂತಿ.

ಎಡಗಡೆಯ ಹಿಂದಿನ ಬಾಗಿಲನ್ನು ಕಳಚಿ, ಕೆಳಗಿನ ತುಕ್ಕು ಹಿಡಿದ ಭಾಗವನ್ನು ಕತ್ತರಿಸಿ, 30 ಸೆಂ.ಮೀ. ಉದ್ದ 8 ಸೆಂ.ಮೀ. ಎತ್ತರದ ತೇಪೆ ಹಾಕಿದೆ. ತೇಪೆಗೆ 20 ಗೇಜ್ ಸಿ.ಆರ್. ಶೀಟ್. ಬಾಗಿಲಿನ ಒಳ್ಳೆಯ ತಗಡನ್ನು ವರ್ನಿಯರ್‌ನಲ್ಲಿ ಅಳೆದಾಗ 0.9 ಮಿ.ಮೀ. ಬಂತು, ಹಾಗಾಗಿ ಅದೇ ದಪ್ಪ. ನಾಲ್ಕು ಮೂಲೆಗೆ ಟ್ಯಾಕ್ (ಚುಕ್ಕಿಯಷ್ಟು ವೆಲ್ಡ್) ಹಾಕಿ, ಆಮೇಲೆ ಒಂದೊಂದು ಸಲಕ್ಕೆ ಸುಮಾರು 5 ಸೆಂ.ಮೀ. ಎಳೆಯುತ್ತಾ ಹೋದೆ. ವೆಲ್ಡ್ ನೋಡಲು ಚೆನ್ನಾಗಿಯೇ ಬಂತು, ಮೂರು ನಾಲ್ಕು ಕಡೆ ಮಾತ್ರ ತೂತು ಬಿತ್ತು. ಮಾರನೇ ದಿನ ಗ್ರೈಂಡ್ ಮಾಡಿ ಕೈ ಸವರಿದರೆ ಎದೆ ಝಲ್ ಎಂದಿತು. ತೇಪೆಯ ಮೇಲಿನ ಒಳ್ಳೆಯ ತಗಡು, ನಾನು ಮುಟ್ಟದೇ ಇದ್ದ ಜಾಗ, ಎಣ್ಣೆ ಡಬ್ಬದ ತಳದ ಹಾಗೆ ಆಗಿದೆ. ಒತ್ತಿದರೆ ಟಪ್ ಎಂದು ಒಳಗೆ ಹೋಗುತ್ತದೆ, ಬಿಟ್ಟರೆ ಟಪ್ ಎಂದು ಹೊರಗೆ ಬರುತ್ತದೆ. ವೆಲ್ಡ್ ಇರುವ ಸಾಲು ಮಾತ್ರ ಒಳಗೆ ಕುಳಿತಿದೆ.

ಪುಟ್ಟಿ ತುಂಬಿ ಮುಚ್ಚಬಹುದು ಎಂದು ಇಲ್ಲಿನ ಒಬ್ಬರು ಹೇಳಿದರು. ನನಗೆ ಅದು ಬೇಡ. ಇದನ್ನು ಸರಿಮಾಡಲು ಆಗುತ್ತದೆಯೇ? ಉಳಿದ ಮೂರು ಬಾಗಿಲಿಗೆ ಹೀಗಾಗದ ಹಾಗೆ ಏನು ಮಾಡಬೇಕು? ಒದ್ದೆ ಬಟ್ಟೆ ಇಟ್ಟು ಮಾಡಿ ಎನ್ನುವವರೂ ಇದ್ದಾರೆ, ಇಡಲೇಬಾರದು ಎನ್ನುವವರೂ ಇದ್ದಾರೆ. ಯಾರ ಮಾತು ಕೇಳಲಿ?

ದಾವಣಗೆರೆ ಟಿಂಕರ್

ಪುಟ್ಟಿ ಬೇಡ ಎಂದಿರಲ್ಲ, ಅದಕ್ಕೇ ಉತ್ತರ ಬರೆಯುತ್ತಿದ್ದೇನೆ. ಟಪ್ ಎನ್ನುವ ತಗಡಿನ ಮೇಲೆ ಪುಟ್ಟಿ ನಿಲ್ಲುವುದಿಲ್ಲ. ಬಾಗಿಲು ಹತ್ತು ಸಲ ಜೋರಾಗಿ ಹಾಕಿದರೆ ಬಿರುಕು ಬಿಡುತ್ತದೆ, ಬಿರುಕಿನಲ್ಲಿ ನೀರು ಇಳಿಯುತ್ತದೆ, ನಿಮ್ಮ ಊರಿನ ಹವೆಯಲ್ಲಿ ಮತ್ತೆ ಅದೇ ಕತೆ.

ಮೊದಲು ಏನಾಗಿದೆ ಎಂದು ತಿಳಿದುಕೊಳ್ಳಿ. ಬಟ್ಟೆ ಹೊಲಿಯುವಾಗ ದಾರ ಜಾಸ್ತಿ ಬಿಗಿಯಾದರೆ ಹೊಲಿಗೆಯ ಅಕ್ಕಪಕ್ಕ ಬಟ್ಟೆ ಸುಕ್ಕಾಗಿ ಉಬ್ಬುತ್ತದೆ, ಅಲ್ವಾ? ಇಲ್ಲಿ ಆಗಿರುವುದೂ ಅದೇ. ಒಂದು ಮೀಟರ್ ಉಕ್ಕು 100 ಡಿಗ್ರಿ ಬಿಸಿಯಾದರೆ ಸುಮಾರು 1.2 ಮಿ.ಮೀ. ಉದ್ದವಾಗುತ್ತದೆ. ವೆಲ್ಡ್ ಜಾಗದಲ್ಲಿ ಉಕ್ಕು ಕರಗುವ ತನಕ, ಅಂದರೆ 1500 ಡಿಗ್ರಿ ಹತ್ತಿರ ಹೋಗುತ್ತದೆ. ಅದು ಹಿಗ್ಗಲು ನೋಡುತ್ತದೆ, ಆದರೆ ಸುತ್ತಲಿನ ತಣ್ಣನೆಯ ತಗಡು ಬಿಡುವುದಿಲ್ಲ. ಉದ್ದಕ್ಕೆ ಹೋಗಲು ಜಾಗ ಸಿಗದೆ ಮೆತ್ತಗಾದ ಲೋಹ ದಪ್ಪವಾಗಿ ಕೂರುತ್ತದೆ. ತಣ್ಣಗಾಗುವಾಗ ಕುಗ್ಗುವುದನ್ನು ಮಾತ್ರ ಯಾರೂ ತಡೆಯುವುದಿಲ್ಲ. ಕೊನೆಗೆ ವೆಲ್ಡ್ ಸಾಲು ಮೊದಲಿಗಿಂತ ಗಿಡ್ಡವಾಗಿರುತ್ತದೆ, ಮೇಲಿನ ತಗಡಿನ ಉದ್ದ ಅಷ್ಟೇ ಇರುತ್ತದೆ. ಆ ಹೆಚ್ಚಾದ ಉದ್ದಕ್ಕೆ ಹೋಗಲು ಜಾಗ ಇಲ್ಲ, ಅದಕ್ಕೇ ಟಪ್ ಟಪ್.

ಹಾಗಾಗಿ ಉಬ್ಬಿದ ಜಾಗಕ್ಕೆ ಸುತ್ತಿಗೆ ಮುಟ್ಟಿಸಲೇಬೇಡಿ. ಹೊಸಬರೆಲ್ಲ ಮಾಡುವ ತಪ್ಪು ಅದೇ. ಅಲ್ಲಿ ತಗಡು ಸರಿಯಾಗಿದೆ, ಹೊಡೆದರೆ ಇನ್ನೂ ಹಿಗ್ಗುತ್ತದೆ. ರೋಗ ಇರುವುದು ವೆಲ್ಡ್ ಸಾಲಿನಲ್ಲಿ. ಮೊದಲು ವೆಲ್ಡನ್ನು ಎರಡೂ ಕಡೆ ತಗಡಿನ ಮಟ್ಟಕ್ಕೆ ಗ್ರೈಂಡ್ ಮಾಡಿ. ಆಮೇಲೆ ಬಾಗಿಲಿನ ಒಳಗಡೆಯಿಂದ ಡಾಲಿ (ಕೈಯಲ್ಲಿ ಹಿಡಿಯುವ ನುಣುಪಾದ ಉಕ್ಕಿನ ಗಟ್ಟಿ) ಒತ್ತಿ ಹಿಡಿದು, ಹೊರಗಿನಿಂದ ಸರಿಯಾಗಿ ಡಾಲಿಯ ಮೇಲೇ, ವೆಲ್ಡ್ ಮೇಲೆ ಮಾತ್ರ, ಸಣ್ಣ ಸಣ್ಣ ಏಟು ಹಾಕುತ್ತಾ ಹೋಗಿ. ಏಟು ಡಾಲಿಗೆ ಸರಿಯಾಗಿ ಬಿದ್ದರೆ ಠಣ್ ಎಂದು ಗಟ್ಟಿ ಸದ್ದು ಬರುತ್ತದೆ, ತಪ್ಪಿದರೆ ಬೊದ್ದು ಸದ್ದು. ಸುತ್ತಿಗೆ ಮತ್ತು ಡಾಲಿಯ ನಡುವೆ ಸಿಕ್ಕಿದ ವೆಲ್ಡ್ ಲೋಹ ತೆಳುವಾಗಿ ಉದ್ದಕ್ಕೆ ಹಿಗ್ಗುತ್ತದೆ. ಹತ್ತಿಪ್ಪತ್ತು ಏಟಿಗೆ ಒಮ್ಮೆ ನಿಲ್ಲಿಸಿ ಮೇಲಿನ ಭಾಗ ಒತ್ತಿ ನೋಡಿ. ಟಪ್ ಸದ್ದು ಮೆಲ್ಲಗೆ ಕಡಿಮೆ ಆಗುತ್ತಾ ಬರುತ್ತದೆ. ನಿಂತ ಕೂಡಲೇ ನೀವೂ ನಿಲ್ಲಿಸಿ. ಇನ್ನೂ ನಾಲ್ಕು ಏಟು ಹಾಕೋಣ ಎಂದು ಹೋದರೆ ಈಗ ವೆಲ್ಡ್ ಸಾಲೇ ಉದ್ದವಾಗಿ ಉಬ್ಬುತ್ತದೆ.

ಹಳೇ ಕಾಲದಲ್ಲಿ ನಾವು ಗ್ಯಾಸ್ ಜ್ವಾಲೆಯ ವೆಲ್ಡಿಂಗ್‌ನಲ್ಲಿ ಮಾಡುತ್ತಿದ್ದಾಗ ಬಿಸಿ ಇದಕ್ಕಿಂತ ಎಷ್ಟೋ ಜಾಸ್ತಿ ಹರಡುತ್ತಿತ್ತು. ಆದರೂ ಬಾಗಿಲು ನೇರವಾಗಿ ಬರುತ್ತಿತ್ತು. ಕಾರಣ ಈ ಸುತ್ತಿಗೆ ಕೆಲಸ. ಗ್ಯಾಸ್ ವೆಲ್ಡ್ ಮೆತ್ತಗಿರುತ್ತದೆ, ಸುತ್ತಿಗೆಗೆ ಬಗ್ಗುತ್ತದೆ. ಮಿಗ್ ವೆಲ್ಡ್ ಅದಕ್ಕಿಂತ ಗಟ್ಟಿ, ಅದಕ್ಕೇ ಮೊದಲು ಗ್ರೈಂಡ್ ಮಾಡಿ ಎಂದೆ.

ಪೀಣ್ಯ ವೆಲ್ಡರ್

ಮೇಲಿನವರು ರಿಪೇರಿ ಹೇಳಿದ್ದಾರೆ, ಅದು ನೂರಕ್ಕೆ ನೂರು ಸರಿ. ನಾನು ಮಷಿನ್ ಬಗ್ಗೆ ಹೇಳುತ್ತೇನೆ. ಫ್ಲಕ್ಸ್ ತಂತಿ ಕಾರಿನ ತಗಡಿಗೆ ಬೇಡ. ಗೇಟು, ಕಂಬಿ ಕೆಲಸಕ್ಕೆ ಒಳ್ಳೆಯದು, 0.9 ಮಿ.ಮೀ. ತಗಡಿಗೆ ಅದರ ಬಿಸಿ ಜಾಸ್ತಿ. ಮೇಲಿಂದ ಪ್ರತಿ ಟ್ಯಾಕ್ ಆದ ಮೇಲೂ ಮೇಲೆ ಕೂರುವ ಸ್ಲ್ಯಾಗ್ ಪೊರೆ ಕೆರೆಯಬೇಕು, ಅದರ ತಾಪತ್ರಯಕ್ಕೇ ಮನುಷ್ಯ ಒಂದೇ ಸಲಕ್ಕೆ ಉದ್ದ ಎಳೆದುಬಿಡುತ್ತಾನೆ.

ನಿಮ್ಮ ಮಷಿನ್‌ಗೆ ಗ್ಯಾಸ್ ಜೋಡಿಸುವ ವ್ಯವಸ್ಥೆ ಇದ್ದರೆ 0.6 ಮಿ.ಮೀ. ಗಟ್ಟಿ ತಂತಿ (ಒಳಗೆ ಫ್ಲಕ್ಸ್ ಇಲ್ಲದ್ದು) ಹಾಕಿ, ಇಆರ್70ಎಸ್-6 ಎಂದು ಕೇಳಿ. ತಂತಿ ತಳ್ಳುವ ರೋಲರ್‌ನಲ್ಲಿ 0.6ರ ತೋಡು ಇದೆಯಾ ನೋಡಿ, ಟಿಪ್ ಕೂಡ 0.6ರದ್ದೇ ಬೇಕು. ಒಂದು ಮುಖ್ಯ ವಿಷಯ, ಫ್ಲಕ್ಸ್ ತಂತಿಗೆ ಗನ್ ಮೈನಸ್‌ನಲ್ಲಿ ಇರುತ್ತದೆ, ಗ್ಯಾಸ್ ಮತ್ತು ಗಟ್ಟಿ ತಂತಿಗೆ ಗನ್ ಪ್ಲಸ್‌ಗೆ ಬರಬೇಕು. ಇದನ್ನು ಬದಲಿಸದೆ "ಮಷಿನ್ ಸರಿ ಇಲ್ಲ" ಎನ್ನುವವರನ್ನು ವಾರಕ್ಕೊಬ್ಬರನ್ನು ನೋಡುತ್ತೇನೆ. ಗ್ಯಾಸ್ ಬರೀ ಕಾರ್ಬನ್ ಡೈಆಕ್ಸೈಡ್ ಆದರೂ ನಡೆಯುತ್ತದೆ, ಅಗ್ಗ ಕೂಡ, ಆದರೆ ಆರ್ಕ್ ಒರಟು, ಕಿಡಿ ಜಾಸ್ತಿ, ತೂತು ಬೇಗ ಬೀಳುತ್ತದೆ. 80 ಭಾಗ ಆರ್ಗಾನ್, 20 ಭಾಗ ಕಾರ್ಬನ್ ಡೈಆಕ್ಸೈಡ್ ಮಿಶ್ರಣ ಸಿಕ್ಕರೆ ಅದೇ ತಗೊಳ್ಳಿ. ನಿಮಿಷಕ್ಕೆ 8ರಿಂದ 10 ಲೀಟರ್ ಸಾಕು. ನಿಮ್ಮಲ್ಲಿ ಸಮುದ್ರದ ಗಾಳಿ ಬೀಸುತ್ತದೆ, ಗ್ಯಾಸ್ ಹಾರಿಹೋಗದ ಹಾಗೆ ಮರೆ ಕಟ್ಟಿ.

ಈಗ ಟ್ಯಾಕ್ ವಿಷಯ. ಬಿಸಿ ಕಡಿಮೆ ಇರಲಿ ಎಂದು ಎಲ್ಲರೂ ಕರೆಂಟ್ ತೀರಾ ಇಳಿಸುತ್ತಾರೆ. ಹಾಗೆ ಮಾಡಿದರೆ ಲೋಹ ತಗಡಿನೊಳಗೆ ಇಳಿಯುವುದಿಲ್ಲ, ಮೇಲೆ ಅಂಗಿಯ ಗುಂಡಿ ಹಾಗೆ ಕೂರುತ್ತದೆ. ಅದನ್ನು ಇಳಿಸಲು ಟ್ರಿಗರ್ ಎರಡು ಮೂರು ಸೆಕೆಂಡ್ ಒತ್ತಿ ಹಿಡಿಯುತ್ತಾರೆ, ಅಷ್ಟರಲ್ಲಿ ಬಿಸಿ ಸುತ್ತಲೂ ಹರಡಿಯಾಯಿತು. ಬದಲಿಗೆ ಸ್ವಲ್ಪ ಜೋರು ಸೆಟ್ಟಿಂಗ್ ಇಟ್ಟು, ಒಂದು ಸೆಕೆಂಡಿನ ಒಳಗೆ ಹೊಡೆದು ಬಿಡಿ. ಹಿಂದಿನಿಂದ ನೋಡಿದರೆ ಸಣ್ಣ ಚುಕ್ಕಿ ಕಾಣಬೇಕು, ಅಂದರೆ ಪೂರ್ತಿ ಇಳಿದಿದೆ. ಇದನ್ನು ನೇರವಾಗಿ ಬಾಗಿಲ ಮೇಲೆ ಕಲಿಯಬೇಡಿ. ಅದೇ 20 ಗೇಜ್ ಶೀಟಿನ ತುಂಡುಗಳ ಮೇಲೆ ಒಂದು ಸಂಜೆ ಪೂರ್ತಿ ಹೊಡೆಯಿರಿ.

ಅಂಚಿಗೆ ಅಂಚು ಜೋಡಿಸುವಾಗ ಸಂದು ಒಂದೇ ಸಮ ಇರಬೇಕು, ತಂತಿಯ ದಪ್ಪದಷ್ಟು ಸಾಕು. ಒಂದು ಕಡೆ ಮುಟ್ಟಿಕೊಂಡು ಇನ್ನೊಂದು ಕಡೆ 3 ಮಿ.ಮೀ. ಬಿಟ್ಟಿದ್ದರೆ ಆ ಸಂದು ತುಂಬಲು ಲೋಹ ಸುರಿಯಬೇಕು, ಜಾಸ್ತಿ ಲೋಹ ಅಂದರೆ ಜಾಸ್ತಿ ಬಿಸಿ. ತೇಪೆ ಕತ್ತರಿಸಿ ಕೂರಿಸಲು ಎರಡು ಗಂಟೆ ಹೋದರೂ ಚಿಂತೆ ಇಲ್ಲ. ಮೊದಲ ಟ್ಯಾಕ್‌ಗಳು 25 ಮಿ.ಮೀ.ಗೆ ಒಂದು, ಅದೂ ಎದುರು ಬದುರು. ಇಲ್ಲೊಂದು ಹಾಕಿದರೆ ಮುಂದಿನದು ಆಚೆ ತುದಿಯಲ್ಲಿ. ಆಮೇಲೆ ಎರಡರ ನಡುವೆ ಒಂದು, ಮತ್ತೆ ಅದರ ನಡುವೆ ಒಂದು. ನಾಲ್ಕೈದು ಹೊಡೆದ ಮೇಲೆ ನಿಲ್ಲಿಸಿ, ಕೈ ಇಟ್ಟರೆ ಉಗುರುಬೆಚ್ಚಗೆ ಆಗುವ ತನಕ ಕಾಯಿರಿ. ನಿಮ್ಮ ತೇಪೆಯ ಸುತ್ತಳತೆ 76 ಸೆಂ.ಮೀ., ಒಂದು ಟ್ಯಾಕ್ ಸುಮಾರು 4 ಮಿ.ಮೀ. ಎಂದು ಹಿಡಿದರೆ 190 ಟ್ಯಾಕ್ ಆಗುತ್ತದೆ. ಇಡೀ ಮಧ್ಯಾಹ್ನದ ಕೆಲಸ ಎಂದು ಮೊದಲೇ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಅವಸರ ಮಾಡಿದರೆ 5 ಸೆಂ.ಮೀ. ಎಳೆದದ್ದಕ್ಕೂ ಇದಕ್ಕೂ ವ್ಯತ್ಯಾಸ ಇರುವುದಿಲ್ಲ.

ಹಿಂದೆ ತಾಮ್ರ ಒತ್ತಿ ಹಿಡಿಯಿರಿ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಅರ್ಥಿಂಗ್‌ಗೆ ಅಂತ 25 ಮಿ.ಮೀ. ಅಗಲ, 3 ಮಿ.ಮೀ. ದಪ್ಪದ ತಾಮ್ರದ ಪಟ್ಟಿ ಸಿಗುತ್ತದೆ, ಒಂದಡಿ ಸಾಕು. ತಾಮ್ರ ಬಿಸಿಯನ್ನು ಹೀರಿಕೊಳ್ಳುತ್ತದೆ, ಕರಗಿದ ಉಕ್ಕು ಅದಕ್ಕೆ ಅಂಟುವುದಿಲ್ಲ, ತೂತು ಬೀಳುವುದೂ ಕಡಿಮೆ.

ಹುಬ್ಬಳ್ಳಿ ಗ್ಯಾರೇಜ್

ನಾನು ಒದ್ದೆ ಬಟ್ಟೆ ಪಾರ್ಟಿ. ಪ್ರತಿ ಟ್ಯಾಕ್ ಆದ ಕೂಡಲೇ ಒದ್ದೆ ಗೋಣಿಚೀಲ ಒತ್ತುತ್ತೇನೆ, ಬಿಸಿ ಅಲ್ಲೇ ನಿಲ್ಲುತ್ತದೆ. ವರ್ಷಗಳಿಂದ ಹೀಗೇ ಮಾಡುತ್ತಿದ್ದೇನೆ, ಏನೂ ಆಗಿಲ್ಲ. ಸುಮ್ನೆ ಅರ್ಧ ದಿನ ಕಾಯುತ್ತಾ ಕೂತರೆ ಗ್ಯಾರೇಜ್ ನಡೆಸಲು ಆಗುತ್ತದಾ?

ದಾವಣಗೆರೆ ಟಿಂಕರ್

ನಿಮ್ಮ ಅನುಭವಕ್ಕೆ ಮರ್ಯಾದೆ ಕೊಟ್ಟೇ ಕೇಳುತ್ತೇನೆ. ಏಟು ಬಿದ್ದು ಹಿಗ್ಗಿದ ತಗಡನ್ನು ಕುಗ್ಗಿಸಬೇಕಾದರೆ ನಾವು ಏನು ಮಾಡುತ್ತೇವೆ? ರೂಪಾಯಿ ಅಗಲಕ್ಕೆ ಕೆಂಪಗೆ ಕಾಯಿಸಿ, ಸುತ್ತಿಗೆ ಏಟು ಹಾಕಿ, ಒದ್ದೆ ಬಟ್ಟೆ ಒತ್ತುತ್ತೇವೆ. ಕುಗ್ಗಲಿ ಎಂದೇ ಒತ್ತುವುದು, ಅಲ್ವಾ? ಅದನ್ನೇ ವೆಲ್ಡ್ ಮೇಲೆ ಮಾಡಿದರೆ ಅದು ಮಾತ್ರ ಕುಗ್ಗದೆ ಹೇಗಿರುತ್ತದೆ?

ನೀರಿನ ಬಗ್ಗೆ ನನ್ನ ಅಭಿಪ್ರಾಯ ಇಷ್ಟು. ವೆಲ್ಡ್ ಮಾಡುವ ಮೊದಲೇ, ಸಾಲಿನಿಂದ ಎರಡು ಮೂರು ಇಂಚು ದೂರದಲ್ಲಿ, ಹಿಂಡಿದ ಒದ್ದೆ ಬಟ್ಟೆಯನ್ನು ಉದ್ದಕ್ಕೆ ಸುತ್ತಿ ಇಟ್ಟರೆ ಬಿಸಿ ಅದರಾಚೆ ಹೋಗುವುದಿಲ್ಲ. ಇದು ಒಳ್ಳೆಯದು, ಪಕ್ಕದಲ್ಲಿ ಉಳಿಸಬೇಕಾದ ಪೇಂಟ್ ಇದ್ದರೆ ಬೇಕೇ ಬೇಕು. ವೆಲ್ಡ್ ಆದ ಮೇಲೆ ಕೆಂಪು ಜಾಗಕ್ಕೆ ನೀರು ಬೇಡ. ಸಂದಿಯೊಳಗೆ ನೀರು ಹೋದರೆ ಮುಂದಿನ ಟ್ಯಾಕ್ ಆವಿಯಿಂದ ಗುಳ್ಳೆ ಗುಳ್ಳೆ ಆಗುತ್ತದೆ, ಹಿಂದೆ ತುಕ್ಕೂ ಶುರು. ಬೇಗ ತಣ್ಣಗಾಗಲೇಬೇಕು ಎಂದರೆ ಕೆಂಪು ಪೂರ್ತಿ ಹೋದ ಮೇಲೆ ಕಂಪ್ರೆಸರ್ ಗಾಳಿ ಬಿಡಿ.

ಕಾಯುವ ಹೊತ್ತಿಗೂ ಕೆಲಸ ಇದೆ. ಒಂದು ಬಾಗಿಲು ತಣ್ಣಗಾಗುವಾಗ ಇನ್ನೊಂದರ ತುಕ್ಕು ಕೆರೆಯಬಹುದು.

ಮೈಸೂರು ಪೇಂಟರ್

ಯಾರೂ ಗ್ರೈಂಡರ್ ಬಗ್ಗೆ ಹೇಳಲಿಲ್ಲ. ವೆಲ್ಡಿಂಗ್‌ನಲ್ಲಿ ಕಾಪಾಡಿದ ತಗಡನ್ನು ಗ್ರೈಂಡಿಂಗ್‌ನಲ್ಲಿ ಹಾಳುಮಾಡಿಕೊಂಡು ನನ್ನ ಹತ್ತಿರ ಬರುವವರೇ ಜಾಸ್ತಿ. 4 ಇಂಚಿನ ಗ್ರೈಂಡರ್ ನಿಮಿಷಕ್ಕೆ 11,000 ಸುತ್ತು ತಿರುಗುತ್ತದೆ, ಗಟ್ಟಿ ಕಲ್ಲಿನ ಡಿಸ್ಕ್ ಹಾಕಿ ಒಂದೇ ಕಡೆ ಒತ್ತಿದರೆ ಅದೇ ಇನ್ನೊಂದು ವೆಲ್ಡಿಂಗ್ ಆದ ಹಾಗೆ. ತಗಡಿನ ಮೇಲೆ ನೀಲಿ ಬಣ್ಣ ಕಂಡರೆ ಅಲ್ಲಿ ಸುಮಾರು 300 ಡಿಗ್ರಿ ಆಗಿದೆ ಎಂದು ತಿಳಿಯಿರಿ. ಮೊದಲು ತೆಳು ಕಟಿಂಗ್ ಡಿಸ್ಕ್‌ನ ಅಂಚಿನಿಂದ ವೆಲ್ಡಿನ ತಲೆ ಮಾತ್ರ ಇಳಿಸಿ, ಪಕ್ಕದ ತಗಡು ಮುಟ್ಟಬೇಡಿ. ಉಳಿದದ್ದು 80 ನಂಬರ್ ಫ್ಲ್ಯಾಪ್ ಡಿಸ್ಕ್‌ನಲ್ಲಿ (ಉಜ್ಜುವ ಕಾಗದದ ಎಸಳು ಜೋಡಿಸಿದ ಡಿಸ್ಕ್), ಎರಡು ಮೂರು ಸೆಕೆಂಡ್ ಇಲ್ಲಿ, ಎರಡು ಮೂರು ಸೆಕೆಂಡ್ ಅಲ್ಲಿ.

ಕಾರಿನ ಮೇಲೇ ಕೆಲಸ ಮಾಡುವವರು ಗಾಜು ಮುಚ್ಚಿ. ಗ್ರೈಂಡರ್ ಕಿಡಿ ಗಾಜಿನೊಳಗೆ ಕೂತರೆ ಜನ್ಮದಲ್ಲಿ ಹೋಗುವುದಿಲ್ಲ, ಸೂಜಿ ಚುಚ್ಚಿದ ಹಾಗೆ ಕಪ್ಪು ಚುಕ್ಕಿ ಉಳಿಯುತ್ತದೆ.

ತುಮಕೂರು ರೈಡರ್

ಮಧ್ಯೆ ಬಂದದ್ದಕ್ಕೆ ಕ್ಷಮಿಸಿ. ನನ್ನದು 2020ರ ಹ್ಯಾಚ್‌ಬ್ಯಾಕ್, ಪಕ್ಕದಿಂದ ಗುದ್ದಿಸಿಕೊಂಡು ಬಾಗಿಲ ನಡುವಿನ ಕಂಬ ಒಳಗೆ ಬಗ್ಗಿದೆ. ಊರಿನ ಗ್ಯಾರೇಜ್‌ನಲ್ಲಿ ಕಾಯಿಸಿ ಎಳೆದು ವೆಲ್ಡ್ ಮಾಡಿ ಕೊಡುತ್ತೇವೆ ಎನ್ನುತ್ತಿದ್ದಾರೆ. ಇಲ್ಲಿ ಹೇಳಿದ ಹಾಗೆ ಟ್ಯಾಕ್ ಟ್ಯಾಕ್ ಮಾಡಿಸಿದರೆ ಸಾಕಾ?

ಶಾರ್ಜಾ ಬಾಡಿಶಾಪ್

ದಯವಿಟ್ಟು ಆ ಕಂಬವನ್ನು ಕಾಯಿಸಲು ಬಿಡಬೇಡಿ. ಪದ್ಮಿನಿಯ ಬಾಗಿಲು ಮೆತ್ತನೆಯ ಉಕ್ಕು, ಬಿಸಿಯಾದರೆ ಆಕಾರ ಮಾತ್ರ ಕೆಡುತ್ತದೆ. ಹೊಸ ಕಾರುಗಳಲ್ಲಿ ಆ ನಡುಗಂಬಕ್ಕೆ ಹೆಚ್ಚು ಬಲದ ಉಕ್ಕು ಹಾಕಿರುತ್ತಾರೆ, ಕೆಲವದರಲ್ಲಿ 1500 ಮೆಗಾಪ್ಯಾಸ್ಕಲ್ ತಡೆಯುವ ಬೋರಾನ್ ಉಕ್ಕು. ಆ ಬಲ ಬಂದಿರುವುದೇ ಫ್ಯಾಕ್ಟರಿಯಲ್ಲಿ ಕೆಂಪಗೆ ಕಾಯಿಸಿ ಅಚ್ಚಿನಲ್ಲೇ ಥಟ್ಟನೆ ತಣ್ಣಗೆ ಮಾಡಿದ್ದರಿಂದ. ಗ್ಯಾರೇಜ್‌ನಲ್ಲಿ ಮತ್ತೆ ಕಾಯಿಸಿದರೆ ಆ ಬಲ ಹೋಗುತ್ತದೆ. ಹೊರಗಿನಿಂದ ನೋಡಿದರೆ ನೇರವಾಗಿಯೇ ಇರುತ್ತದೆ, ಪೇಂಟ್ ಹೊಳೆಯುತ್ತದೆ. ಇನ್ನೊಮ್ಮೆ ಪಕ್ಕದಿಂದ ಗುದ್ದಿದಾಗ ಅದೇ ಜಾಗದಲ್ಲಿ ಮಡಚುತ್ತದೆ, ಒಳಗೆ ಕೂತಿರುವುದು ನಿಮ್ಮ ಮನೆಯವರು. ಕಂಪನಿಯ ರಿಪೇರಿ ಪುಸ್ತಕದಲ್ಲಿ ಎಲ್ಲಿ ಕತ್ತರಿಸಬಹುದು, ಯಾವ ಜಾಗಕ್ಕೆ ಸ್ಪಾಟ್ ವೆಲ್ಡ್ ಎಂದು ಬರೆದಿರುತ್ತದೆ. ಆ ಪುಸ್ತಕ ನೋಡಿ ಭಾಗವನ್ನೇ ಬದಲಿಸುವ ಕಡೆ ಕೊಡಿ, ದುಡ್ಡು ಜಾಸ್ತಿಯಾದರೂ.

ನಾವು ಇಲ್ಲಿ ಕೆಲವು ಕಡೆ ಮಿಗ್ ಬ್ರೇಜಿಂಗ್ ಮಾಡುತ್ತೇವೆ. ಸಿಲಿಕಾನ್ ಸೇರಿಸಿದ ತಾಮ್ರದ ತಂತಿ, ಉಕ್ಕು ಕರಗುವುದಕ್ಕಿಂತ ಎಷ್ಟೋ ಕೆಳಗೇ ಅದು ಕರಗುತ್ತದೆ, ಹಾಗಾಗಿ ತಗಡಿನ ಸತುವಿನ ಲೇಪ ಸುಡುವುದು ಕಡಿಮೆ. ಇದನ್ನೂ ಕಂಪನಿ ಹೇಳಿದ ಜಾಗದಲ್ಲಿ ಮಾತ್ರ ಮಾಡಬೇಕು. ಕಾರಿನ ಮೇಲೆ ಯಾವುದೇ ವೆಲ್ಡಿಂಗ್ ಮಾಡುವ ಮೊದಲು ಬ್ಯಾಟರಿ ಕಳಚಿ, ಅರ್ಥ್ ಕ್ಲಾಂಪ್ ಅನ್ನು ವೆಲ್ಡ್ ಪಕ್ಕದಲ್ಲೇ ಹಾಕಿ.

ಇನ್ನೊಂದು ಮಾತು, ಇದು ಎಲ್ಲರಿಗೂ. ಜಿ.ಐ. ಶೀಟ್ (ಸತು ಲೇಪಿಸಿದ ತಗಡು) ತೇಪೆ ಹಾಕುವವರು ವೆಲ್ಡ್ ಸಾಲಿನ ಸುತ್ತ ಸತು ಕೆರೆದು ತೆಗೆಯಿರಿ. ಸತು 907 ಡಿಗ್ರಿಗೆ ಕುದಿದು ಹೊಗೆಯಾಗುತ್ತದೆ, ಆ ಬಿಳಿ ಹೊಗೆ ಕುಡಿದರೆ ರಾತ್ರಿ ಚಳಿ ಜ್ವರ ಬರುತ್ತದೆ. ಹಾಲು ಕುಡಿದರೆ, ಬೆಲ್ಲ ತಿಂದರೆ ಹೋಗುತ್ತದೆ ಎನ್ನುವುದನ್ನು ನಂಬಿ ಕೂರಬೇಡಿ. ಲೋಹದ ಹೊಗೆಗೆ ಅಂತಲೇ ಇರುವ ಮಾಸ್ಕ್ ಹಾಕಿ, ಬಾಗಿಲು ಕಿಟಕಿ ತೆರೆದಿಡಿ.

ಕುಂದಾಪುರದ ಪದ್ಮಿನಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎರಡು ವಾರ ಆದ ಮೇಲೆ ಬರೆಯುತ್ತಿದ್ದೇನೆ. ಹಳೇ ಬಾಗಿಲಿಗೆ ಡಾಲಿ ಹಿಡಿದು ವೆಲ್ಡ್ ಮೇಲೆ ಹೊಡೆದೆ. ಮೊದಲ ಅರ್ಧ ಗಂಟೆ ಏನೂ ಆಗಲಿಲ್ಲ, ಕೈ ನೋವು ಬಂತು. ಆಮೇಲೆ ಸದ್ದು ಕೇಳಿ ಹೊಡೆಯುವುದು ಅಭ್ಯಾಸವಾಯಿತು. ಒಳಗೆ ಕುಳಿತಿದ್ದ ಸಾಲು ಮೇಲೆ ಬಂತು, ಟಪ್ ಸದ್ದು ಮುಕ್ಕಾಲು ಪಾಲು ನಿಂತಿದೆ. ಎಡ ಮೂಲೆಯಲ್ಲಿ ಅಂಗೈ ಅಗಲ ಮಾತ್ರ ಇನ್ನೂ ಸ್ವಲ್ಪ ಅಲ್ಲಾಡುತ್ತದೆ. ಅಲ್ಲಿ ಒಳಗಿನ ಚೌಕಟ್ಟು ಅಡ್ಡ ಬಂದು ಡಾಲಿ ಹೋಗುತ್ತಿಲ್ಲ.

ಎರಡನೇ ಬಾಗಿಲಿಗೆ ಗ್ಯಾಸ್, 0.6 ತಂತಿ, ತಾಮ್ರದ ಪಟ್ಟಿ. ತೇಪೆಯ ಮೂಲೆಗಳನ್ನು ಗುಂಡಗೆ ಕತ್ತರಿಸಿದೆ. ಈ ಸಲ ಮೇಲಿನ ಸಾಲನ್ನು ನಡು ಬಯಲಲ್ಲಿ ಬಿಡದೆ ಕೆಳಗಿನ ಮಡಿಕೆಗೆ ಆದಷ್ಟು ಹತ್ತಿರ ತಂದೆ, ಅಲ್ಲಿ ತಗಡು ತಾನಾಗಿಯೇ ಬಿಗಿಯಾಗಿದೆ. ಬೆಳಿಗ್ಗೆ ಹತ್ತಕ್ಕೆ ಶುರುಮಾಡಿ ಸಂಜೆ ಐದಕ್ಕೆ ಮುಗಿಸಿದೆ. ಉಕ್ಕಿನ ಸ್ಕೇಲ್ ಇಟ್ಟು ನೋಡಿದರೆ ಬೆಳಕು ತೂರುವುದು ಒಂದೇ ಒಂದು ಕಡೆ, ಅದೂ ಕೂದಲೆಳೆಯಷ್ಟು. ಅಪ್ಪ ಬಂದು ಕೈ ಸವರಿ, "ತೇಪೆ ಎಲ್ಲಿದೆ?" ಎಂದು ಕೇಳಿದರು.

ಮಳೆ ಶುರುವಾಗುವ ಮೊದಲು ಪೇಂಟ್ ಆಗಬೇಕು. ವೆಲ್ಡಿನ ಹಿಂಭಾಗಕ್ಕೆ ಏನು ಹಚ್ಚಲಿ? ಎಡ ಮೂಲೆಗೆ ಏನು ಮಾಡಲಿ?

ದಾವಣಗೆರೆ ಟಿಂಕರ್

ನಿಮ್ಮ ಅಪ್ಪ ಕೇಳಿದ ಮಾತು ಓದಿ ಮನಸ್ಸು ತುಂಬಿತು.

ಹಿಂಭಾಗಕ್ಕೆ ಮೊದಲು ತಂತಿ ಬ್ರಷ್ ಹಾಕಿ ಸುಟ್ಟ ಕರಿ ಪೂರ್ತಿ ತೆಗೆಯಿರಿ, ಎರಡು ಕೋಟ್ ಎಪಾಕ್ಸಿ ಪ್ರೈಮರ್, ಒಣಗಿದ ಮೇಲೆ ಕೆಳಗಿನ ಮಡಿಕೆಗೆ ಸೀಮ್ ಸೀಲರ್ (ಸಂದು ಮುಚ್ಚುವ ಅಂಟು), ಪೇಂಟ್ ಎಲ್ಲಾ ಮುಗಿದ ಮೇಲೆ ಕೊನೆಗೆ ಮೇಣ ಸ್ಪ್ರೇ. ಬಾಗಿಲಿನ ತಳದಲ್ಲಿ ನೀರು ಹೋಗುವ ತೂತುಗಳಿವೆ, ಸೀಲರ್ ಹಚ್ಚುವಾಗ ಅವು ಮುಚ್ಚಿಹೋಗದ ಹಾಗೆ ಕಡ್ಡಿ ಸಿಕ್ಕಿಸಿಡಿ. ಮುಚ್ಚಿದರೆ ಬಾಗಿಲು ಬಿಂದಿಗೆಯ ಹಾಗೆ ನೀರು ಹಿಡಿದಿಡುತ್ತದೆ.

ಎಡ ಮೂಲೆಗೆ ಡಾಲಿ ಹೋಗದಿದ್ದರೆ ಹಳೇ ಲಾರಿ ಸ್ಪ್ರಿಂಗ್ ಪಟ್ಟಿಯ ತುಂಡು ತಗೊಂಡು, ತುದಿ ಸ್ವಲ್ಪ ಬಗ್ಗಿಸಿ ಅಂಚು ಉಜ್ಜಿ ನುಣುಪು ಮಾಡಿ. ಅದನ್ನು ಚೌಕಟ್ಟಿನ ಸಂದಿಯಿಂದ ತೂರಿಸಿ ವೆಲ್ಡ್ ಹಿಂದೆ ಒತ್ತಿ ಹಿಡಿಯಬಹುದು. ಹಿಡಿಯಲು ಒಬ್ಬರು, ಹೊಡೆಯಲು ಒಬ್ಬರು ಬೇಕು. ಅಪ್ಪನನ್ನೇ ಕರೆಯಿರಿ.